ಕಣ್ಣಿಗೊತ್ತಿಕೊಂಡ ಮಾತ್ರೆ

ಕಾಳಕ್ಕ ಮಾತ್ರೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಮ್ಮೆ ಬಲಗಣ್ಣಿಗೆ, ಒಮ್ಮೆ ಎಡಗಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಾಗ ಈರಬಸಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತಂಗಡಿಕೆರೆಯ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಅವನು ಎಷ್ಟು ಸಲ ನೋಡಿದ್ದನೋ. ಮತ್ತೋಡಿನ ಕಡೆಯವರು, ಮಾಡದಕೆರೆಯ ಕಡೆಯವರು ಎಲ್ಲರೂ ಹೀಗೆಯೇ. ಮಾತ್ರೆ ಕೈಗೆ ಬಿದ್ದೊಡನೆ ಮೊದಲು ಕಣ್ಣಿಗೆ, ಆಮೇಲೆ ಸೆರಗಿಗೋ ಜೇಬಿಗೋ. ಗುಡಿಯಲ್ಲಿ ಕೊಟ್ಟ ಹೂವಿಗೆ ಸಲ್ಲುವ ಮರ್ಯಾದೆ ಅದಕ್ಕೂ ಸಲ್ಲುತ್ತಿತ್ತು. ಮೊದಮೊದಲು ಅವನಿಗೆ ಒಳಗೊಳಗೇ ಹೆಮ್ಮೆ, ತಾನೇ ಪೂಜಾರಿಯೋ ಎನ್ನುವಂತೆ ಬೆನ್ನು ನೆಟ್ಟಗಾಗುತ್ತಿತ್ತು. ಇವತ್ತು ಮಾತ್ರ ಎದ್ದು ಕಿಟಕಿಯ ಬಾಗಿಲನ್ನು ಅವಳ ಮುಖಕ್ಕೇ ಹಾಕಿಬಿಡೋಣ ಅನ್ನಿಸಿತು. ಕಾಳಕ್ಕ ಹೋಗಲಿಲ್ಲ. ಹಿಂದೆ ನಿಂತವರು ಗೊಣಗುತ್ತಿದ್ದರೂ ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. ಅವಳ ಮೈಯಿಂದ ಬರುತ್ತಿದ್ದ ಮೀನಿನ ವಾಸನೆಗೆ ಅವನ ಕೈ ಅಭ್ಯಾಸಬಲದಿಂದ ಕರ್ಚೀಫಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು.

“ಸಾಯಂಕಾಲ ಊರೋರು ಕೆರೆ ಏರಿ ಮೇಲೆ ಕೂಡ್ತಾರಂತೆ ಸ್ವಾಮಿ. ಮೀನು ಸುಲಭಕ್ಕೆ ಸಿಗ್ಲಿ ಅಂತ ನನ್ ಮಗ ಕೆರೆಗೆ ಕಾರೆಕಾಯಿ ಅರ್ದು ಹಾಕ್ಯಾನಂತೆ, ಅದಕ್ಕೇ ಮೀನೆಲ್ಲ ಸತ್ವಂತೆ. ನೀರಗಂಟಿ ಕೆಲಸ ಬಿಡಿಸ್ತಾರಂತೆ, ಬಲೆ ಕಿತ್ಕಂತಾರಂತೆ. ನೀವೊಂದು ಬಂದು ಹೇಳ್ರಿ. ವಿಷ ಯಾವ್ದು, ಯಾವ್ದು ಅಲ್ಲ ಅಂತ ನಿಮಗ್ ಗೊತ್ತಾಗ್ತೈತೆ. ನಿಮ್ ಮಾತು ಯಾರೂ ತೆಗೆದ್ಹಾಕಲ್ಲ.”

“ನೋಡಾಣ, ಹೋಗು ಕಾಳಕ್ಕ, ಜನ ಕಾಯ್ತಾ ಅವ್ರೆ,” ಎಂದ ಅವನು. ಅವಳು ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವಳನ್ನು ‘ಹೋಗು’ ಅನ್ನುವುದು, ಅವಳು ತನ್ನನ್ನು ‘ಸ್ವಾಮಿ’ ಅನ್ನುವುದು ಇಷ್ಟು ದಿನ ಅವನ ಕಿವಿಗೆ ಬಿದ್ದಿರಲೇ ಇಲ್ಲ.

ತಂಗಡಿಕೆರೆಯ ತೂಬು ಕಾಯುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಕಾಳಕ್ಕನ ಮನೆಯವರ ಕೆಲಸ. ಅವಳ ಮಾವ ಮಾಡಿದ್ದ, ಗಂಡ ಮಾಡಿದ್ದ, ಈಗ ಮಗ ಮಾರಣ್ಣ ಮಾಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಕೆರೆಯ ಮೀನು ಅವರದ್ದು ಎಂದು ಯಾವ ಕಾಲದಲ್ಲೋ ಊರು ಒಪ್ಪಿಕೊಂಡಿತ್ತು. ಮಾರಣ್ಣ ಹಿಡಿಯುವುದು, ಕಾಳಕ್ಕ ಬುಟ್ಟಿ ಹೊತ್ತು ನಾಲ್ಕು ಹಳ್ಳಿ ತಿರುಗುವುದು. ಮೂರು ವರ್ಷದಿಂದ ಮಳೆ ಕೈಕೊಟ್ಟು, ಈ ಮೇ ತಿಂಗಳಿಗೆ ಕೆರೆ ನಡುಮಧ್ಯಕ್ಕೆ ಸರಿದು ಕೂತಿತ್ತು. ಹತ್ತು ದಿನದ ಹಿಂದೆ ಆ ಉಳಿದ ನೀರಿನಲ್ಲಿ ಏಳೆಂಟು ದೊಡ್ಡ ಕೊರವ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅಷ್ಟೇ ಸಾಕಾಯಿತು ಊರಿಗೆ. ತನ್ನ ಅನ್ನಕ್ಕೆ ತಾನೇ ವಿಷ ಹಾಕಿಕೊಳ್ಳುವಷ್ಟು ದಡ್ಡನೇ ಮಾರಣ್ಣ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ಔಷಧಿ ಕಿಟಕಿಯ ಹಿಂದೆ ಕೂತು ಜ್ವರದ ಮಾತ್ರೆ ಎಣಿಸುತ್ತಿದ್ದ. ಆರು, ಒಂಬತ್ತು, ಹನ್ನೆರಡು. ಮತ್ತೆ ತಪ್ಪಿತು. ಕಿಟಕಿಯಾಚೆಯ ಮುದುಕ “ಒಂದ್ ಹೆಚ್ಗೆ ಬಂದೈತೆ ಸ್ವಾಮಿ” ಎಂದು ಒಂದು ಮಾತ್ರೆಯನ್ನು ವಾಪಸು ಕೊಟ್ಟ. ಆ ಪ್ರಾಮಾಣಿಕತೆಗೂ ಈರಬಸಪ್ಪನಿಗೆ ಸಿಟ್ಟು ಬಂತು.

ಇದೇ ಕಾಳಕ್ಕ ಶಿವರಾತ್ರಿ ಕಳೆದ ಹೊಸತರಲ್ಲಿ ಆಸ್ಪತ್ರೆಯ ಹಿಂಬಾಗಿಲಿಗೆ ಬಂದಿದ್ದಳು. ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಒಂದು ಕೊರವ ಮೀನು ತಂದಿದ್ದಳು, ಹೊಟ್ಟೆ ಸೀಳಿದ್ದು. “ನೋಡ್ರಿ ಸ್ವಾಮಿ, ಗಂಡಾದ್ರೆ ಒಳಗೆ ಹಾಲು ಇರ್ತೈತೆ, ಹೆಣ್ಣಾದ್ರೆ ತತ್ತಿ ಇರ್ತಾವೆ. ಇದಕ್ಕೆ ಹಾಲೂ ಐತೆ, ತತ್ತೀನೂ ಅವೆ. ನಾಕೈದು ವರ್ಷದಿಂದ ಹಿಂಗೇ ಸಿಗ್ತಾವೆ, ವರ್ಷ ವರ್ಷ ಹೆಚ್ಚಾಗ್ತಾವೆ. ಕೊರವನ ಮರಿ ಕೆಂಪಗೆ ಗುಂಪು ಗುಂಪು ನೀರ್ ಮೇಲೆ ಆಡ್ತಿದ್ವು, ತಾಯಿ ತಂದೆ ಎರಡೂ ಕಾಯ್ತಿದ್ವು. ಈಗ ಮೂರು ವರ್ಷ ಆತು ಒಂದ್ ಮರಿ ಕಂಡಿಲ್ಲ. ಇದಕ್ಕೇನು ರೋಗ ಸ್ವಾಮಿ, ಒಂದ್ ಔಷಧಿ ಐತಾ?” ಅವನು ಮೂಗಿಗೆ ಕರ್ಚೀಫು ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಮೀನು ಮುಟ್ಟದ, ಮೀನಿನ ಕಡೆ ನೋಡದ ಮನೆತನ ಅವನದು. “ಇದು ಮನುಷ್ಯರ ಆಸ್ಪತ್ರೆ ಕಣಮ್ಮ, ಮೀನಿಂದಲ್ಲ. ಚೀಟಿ ಮಾಡಿಸ್ಕಂಡು ಬಾ, ಹೆಸರು ಕೊರವಪ್ಪ ಅಂತ ಬರೆಸು,” ಎಂದಿದ್ದ. ಬೆಂಚಿನ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಾಳಕ್ಕನೂ ನಕ್ಕಳು. ಬಡವರು ತಮ್ಮನ್ನು ಅವಮಾನ ಮಾಡಿದವರ ಮುಖ ಉಳಿಸಲು ನಗುತ್ತಾರೆ ಎಂಬುದು ಐವತ್ತಾರು ವರ್ಷದವನಿಗೆ ಗೊತ್ತಿರಬೇಕಿತ್ತು.

ಗೊತ್ತಾದದ್ದು ಒಂದು ಮಂಡಕ್ಕಿ ಪೊಟ್ಟಣದಿಂದ. ಕಳೆದ ತಿಂಗಳು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದು, ಎಣ್ಣೆ ಹೀರಿದ್ದ ಹಳೆಯ ಪತ್ರಿಕೆಯ ತುಂಡನ್ನು ಬಿಸಾಡುವ ಮುನ್ನ ಸುಮ್ಮನೆ ಕಣ್ಣಾಡಿಸಿದ್ದ. ಯಾವುದೋ ದೂರ ದೇಶದ ನದಿಗಳಲ್ಲಿ, ಊರುಗಳ ಬಚ್ಚಲ ನೀರು ಸೇರುವ ಕಡೆ, ಗಂಡು ಮೀನುಗಳ ಹೊಟ್ಟೆಯಲ್ಲಿ ತತ್ತಿ ಕಾಣುತ್ತಿವೆಯಂತೆ. ಹೆಂಗಸರು ನುಂಗುವ ಗರ್ಭನಿರೋಧಕ ಮಾತ್ರೆಯ ಅಂಶ ನೀರಿಗೆ ಸೇರಿ ಹೀಗಾಗುತ್ತಿದೆಯೆಂದು ಅಲ್ಲಿನವರು ಹೇಳುತ್ತಾರಂತೆ. ಮುಂದಿನ ಸಾಲು ಹರಿದುಹೋಗಿತ್ತು. ಬಸ್ಸು ಬಂತು, ಜನ ನುಗ್ಗಿದರು, ಅವನು ನಿಂತೇ ಇದ್ದ. ನುಂಗಿದ ಮಾತ್ರೆ ಮೈಯೊಳಗೆ ಹೋಗಿ, ಉಳಿದ ಚೂರು ಹೊರಗೆ ಬಂದು, ಆ ಚೂರಿಗೇ ನದಿಯ ಮೀನು ಹೀಗಾದವು. ನುಂಗದೇ ಇದ್ದದ್ದು? ಪೂರ್ತಿ ಪೂರ್ತಿ ಮಾತ್ರೆಗಳು, ಬಕೆಟ್ಟುಗಟ್ಟಲೆ?

ಹದಿಮೂರು ವರ್ಷದ ಹಿಂದೆ ಆಸ್ಪತ್ರೆಗೆ ಆ ಮಾತ್ರೆಯ ಪೆಟ್ಟಿಗೆಗಳು ಬರಲು ಶುರುವಾದವು. ತಂಗಡಿಕೆರೆಯ ಯಾವ ಹೆಂಗಸೂ ಕೇಳಿರಲಿಲ್ಲ. ದಿನಕ್ಕೊಂದರಂತೆ ತಪ್ಪದೆ ನುಂಗುವ ಆ ಗುಳಿಗೆ ಇಲ್ಲಿಯವರಿಗೆ ಒಗ್ಗಲಿಲ್ಲ. ಎರಡು ಹೆತ್ತ ಮೇಲೆ ಶಿಬಿರಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಿದ್ದರು. ಆದರೆ ಮೇಲಿನ ಕಚೇರಿಯಲ್ಲಿ ಯಾರೋ ಮೇಜಿನ ಮುಂದೆ ಕೂತು ಇಷ್ಟು ಮಾತ್ರೆ ಈ ಊರು ನುಂಗಬೇಕು ಎಂದು ಬರೆದಿದ್ದ. ಬರೆದಮೇಲೆ ನುಂಗಲೇಬೇಕು. ಆಗಿದ್ದ ಡಾಕ್ಟರು ಮತದಾರರ ಪಟ್ಟಿ ತರಿಸಿ ಈರಬಸಪ್ಪನ ಮುಂದಿಟ್ಟು, “ಹೆಂಗಸರ ಹೆಸರೆಲ್ಲ ಇಳಿಸಿ,” ಎಂದರು. ಅವನು ಇಳಿಸಿದ, ದುಂಡಾದ ಅಕ್ಷರದಲ್ಲಿ. ಬರಗೇರಮ್ಮ ಎಂಬ ಮುದುಕಿ ಸತ್ತು ಎರಡು ವರ್ಷವಾದಮೇಲೂ ತಿಂಗಳು ತಪ್ಪದೆ ಮಾತ್ರೆ ನುಂಗುತ್ತಿದ್ದಳು, ಪುಸ್ತಕದಲ್ಲಿ. ನಾಲ್ಕು ವರ್ಷ ಹೀಗೆ ನುಂಗಿಸಿದ್ದಕ್ಕೆ ಸಮಾರಂಭ ಮಾಡಿ, ‘ಉತ್ತಮ ಸಾಧನೆ’ ಎಂದು ಬರೆದ ಗೋಡೆ ಗಡಿಯಾರವನ್ನು ಅವನ ಕೈಗೆ ಕೊಟ್ಟರು. ಅವನು ಶಾಲು ಹೊದ್ದು ಫೋಟೋ ತೆಗೆಸಿಕೊಂಡ. ಆಮೇಲೆ ಇನ್ನು ಗುರಿ ಗಿರಿ ಏನೂ ಇಲ್ಲ ಎಂದು ಸುತ್ತೋಲೆ ಬಂತು, ಪೆಟ್ಟಿಗೆ ಬರುವುದು ಮಾತ್ರ ನಿಲ್ಲಲಿಲ್ಲ. ಆರೇ ತಿಂಗಳು ಆಯುಸ್ಸು ಉಳಿದ ಸರಕನ್ನು ಚಿತ್ರದುರ್ಗದಿಂದ ಇಲ್ಲಿಗೆ ತಂದು ಸುರಿಯುತ್ತಿದ್ದರು, ಇಲ್ಲಿ ಸತ್ತರೆ ಹೆಣ ಇಲ್ಲಿಯವರೇ ಹೊರಲಿ ಎನ್ನುವಂತೆ.

ಹೊತ್ತದ್ದು ಈರಬಸಪ್ಪ. ಮೊದಲ ಸಲ ಆಸ್ಪತ್ರೆಯ ಹಿಂದೆ ಬೆಂಕಿ ಹಾಕಿದ್ದ. ಕಣ್ಣು ಉರಿಯುವ ಹೊಗೆ, ಕೆಟ್ಟ ವಾಸನೆ. ಅಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, “ಔಷಧಿಗೆ ಬೆಂಕಿ ಇಡ್ತೀಯೇನಪ್ಪ, ನಿನ್ ಕೈಗುಣ ಉಳೀತೈತಾ?” ಎಂದು ಶಾಪ ಹಾಕಿದ ಹಾಗೆ ಕೇಳಿದಳು. ಅವತ್ತು ರಾತ್ರಿ ಅವನಿಗೆ ಊಟ ಸೇರಲಿಲ್ಲ. ತಿಪ್ಪೆಗೆ ಹಾಕೋಣವೆಂದರೆ ಜನ ಕಣ್ಣಿಗೊತ್ತಿಕೊಳ್ಳುವ ವಸ್ತು, ಕಾಲಿಗೆ ಸಿಗುತ್ತದೆ. ಆಗ ನೆನಪಾದವಳು ಅವ್ವ ಏಕಾಂತಮ್ಮ. ಧರ್ಮಪುರದ ಕಡೆಯ ಅವನ ಹುಟ್ಟೂರಿನಲ್ಲಿ ನೀರು ಕಾಣುವುದೇ ಅಪರೂಪ. ಆದರೂ ದೇವರ ತಲೆಯ ಮೇಲಿನ ಬಾಡಿದ ಹೂವು, ಹಳೆಯ ಪಂಚಾಂಗ, ಗಾಜೊಡೆದ ದೇವರ ಪಟ, ಯಾವುದನ್ನೂ ಅವ್ವ ಕಸಕ್ಕೆ ಹಾಕಿದವಳಲ್ಲ. ಬಟ್ಟೆಯಲ್ಲಿ ಕಟ್ಟಿ ಸೂರಿಗೆ ನೇತುಹಾಕಿ, ಮಾರಿಕಣಿವೆಯ ಅಣೆಕಟ್ಟೆಗೆ ಹೋಗುವವರು ಯಾರಾದರೂ ಸಿಕ್ಕರೆ ಕೈಗೆ ಕೊಟ್ಟು, “ನೀರಿಗೆ ಬಿಡಪ್ಪ, ತುಳಿಯೋ ಜಾಗಕ್ಕೆ ಬೀಳಬಾರ್ದು,” ಎಂದು ಕಳಿಸುತ್ತಿದ್ದಳು. ನೀರು ಎಲ್ಲವನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ ಎಂದು ಅವಳು ನಂಬಿದ್ದಳು. ಇಟ್ಟುಕೊಳ್ಳುತ್ತದೆ, ನಿಜ. ಆ ಮಾತು ಎಷ್ಟು ನಿಜವೆಂದು ಅವಳಿಗೆ ಗೊತ್ತಿರಲಿಲ್ಲ.

ಹಾಗೆ ಅವನು ನೀರಿಗೆ ಬಿಟ್ಟ. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ಕೂತು ಪಟ್ಟಿಯಿಂದ ಒಂದೊಂದೇ ಮಾತ್ರೆಯನ್ನು ಹೆಬ್ಬೆರಳಿನಿಂದ ಒತ್ತಿ ಬಕೆಟ್ಟಿಗೆ ಬೀಳಿಸುವುದು. ಉಗುರಿನ ಬುಡ ಬಿರಿದು ರಕ್ತ ಬರುತ್ತಿತ್ತು. ಜೊತೆಗೆ ಅವಧಿ ಮುಗಿದ ಜ್ವರದ್ದು, ನೋವಿನದ್ದು, ಜಂತುಹುಳದ್ದು. ಕೋಲಿನಿಂದ ಕಲಸಿದರೆ ನೀರು ತೆಳುವಾದ ಗಂಜಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಕೆರೆಯ ಮೆಟ್ಟಿಲವರೆಗೆ ತಾನೇ ಹೊತ್ತು, ಚಪ್ಪಲಿ ಬಿಟ್ಟು, ಇಳಿದು ಮೆಲ್ಲಗೆ ಬಗ್ಗಿಸುತ್ತಿದ್ದ. ಆಸ್ಪತ್ರೆ ತೊಳೆದ ನೀರು, ಹೆರಿಗೆ ಕೋಣೆಯ ನೀರು ಮೋರಿ ಹಿಡಿದು ಹೇಗೂ ಆ ಕೆರೆಗೇ ಬರುತ್ತಿತ್ತು. ಮೋರಿಗೆ ಸುರಿದರೆ ಆಗುತ್ತಿತ್ತು, ಇಷ್ಟು ಕಷ್ಟ ಬೇಕಿರಲಿಲ್ಲ. ಆದರೆ ಅವನಿಗೆ ಮರ್ಯಾದೆಯಿಂದ ಬಿಡಬೇಕಿತ್ತು. ಹದಿಮೂರು ವರ್ಷ ಅವನು ಚಪ್ಪಲಿ ಬಿಟ್ಟು, ಮರ್ಯಾದೆಯಿಂದ, ಆ ಕೆರೆಯ ಮೀನುಗಳಿಗೆ ಕುಟುಂಬ ಯೋಜನೆ ಮಾಡಿಸಿದ್ದ. ಪೆಟ್ಟಿಗೆಯ ಮೇಲೆ ತಂಪಾದ ಜಾಗದಲ್ಲಿಡಿ ಎಂದು ಬರೆದಿತ್ತು, ಮಕ್ಕಳ ಕೈಗೆ ಸಿಗದಂತಿಡಿ ಎಂದು ಬರೆದಿತ್ತು. ಮುಗಿದಮೇಲೆ ಎಲ್ಲಿಡಬೇಕು ಎಂದು ಮಾತ್ರ ಮಾಡಿದವನೂ ಬರೆಯಲಿಲ್ಲ, ಕಳಿಸಿದವನೂ ಹೇಳಲಿಲ್ಲ. ‘ನಾಶಪಡಿಸಿ’ ಎಂಬ ಒಂದು ಪದ, ಕೆಳಗೊಂದು ಮೊಹರು. ನಾಶವಾಯಿತಲ್ಲ ಈಗ, ಬಂದು ನೋಡಿರೋ ಎಂದು ಅವನಿಗೆ ಕೂಗಬೇಕೆನ್ನಿಸಿತು. ಕಿಟಕಿಯಾಚೆ ಕೈ ಚಾಚಿದವರಿಗೆ “ಬೆಳಿಗ್ಗೆ ಒಂದು, ಸಂಜೆ ಒಂದು” ಎನ್ನುತ್ತಿದ್ದ.

ಹನ್ನೊಂದು ಗಂಟೆಗೆ ರೋಗಿಗಳು ಕಡಿಮೆಯಾದಾಗ ಡಾಕ್ಟರ ಕೋಣೆಗೆ ಹೋದ. ಕಿರಣ್‌ಕುಮಾರ್ ಅವನ ಮಗನ ವಯಸ್ಸಿನವನು, ದಿನಾ ಚಿತ್ರದುರ್ಗದಿಂದ ಕಾರಿನಲ್ಲಿ ಬಂದು ಹೋಗುವವನು. ಈರಬಸಪ್ಪ ಮಂಡಕ್ಕಿಯ ಎಣ್ಣೆ ಹತ್ತಿದ ಕಾಗದವನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದ. ಡಾಕ್ಟರು ಕಾಗದವನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಿ, ಓದಿ, ಕೆಳಗಿಟ್ಟು, ಬೆರಳನ್ನು ಹತ್ತಿಯಲ್ಲಿ ಒರೆಸಿಕೊಂಡ. ಮೀನಿಗೆ ತಾನು ಕರ್ಚೀಫು ಒತ್ತಿಕೊಂಡದ್ದು ಈರಬಸಪ್ಪನಿಗೆ ನೆನಪಾಯಿತು.

“ಪೇಪರಿನಲ್ಲಿ ಬಂದಿದ್ದೆಲ್ಲ ಸೈನ್ಸ್ ಆಗಲ್ಲ ಈರಬಸಪ್ಪ. ಅಷ್ಟು ನೀರಲ್ಲಿ ಡೈಲ್ಯೂಟ್ ಆಗಿ ಹೋಗಿರುತ್ತೆ.”

“ಅಷ್ಟು ನೀರು ಎಲ್ಲೈತೆ ಸಾರ್? ಕೆರೆ ಬತ್ತಿ ಕೂತೈತೆ.”

“ಇನ್ನೊಂದು ವಿಷ್ಯ. ಆ ಮಾತ್ರೆ ಎಲ್ಲ ಹಂಚಿದೀವಿ ಅಂತ ಪುಸ್ತಕದಲ್ಲಿ ಇದೆ, ನಿಮ್ಮದೇ ಅಕ್ಷರದಲ್ಲಿ. ಹಂಚಿದ ಮಾತ್ರೆ ಕೆರೆಗೆ ಹೇಗೆ ಹೋಗುತ್ತೆ? ನೀವು ಹಾಕೇ ಇಲ್ಲ. ತಿಳೀತಾ?” ಡಾಕ್ಟರು ನಕ್ಕ, ಕೆಟ್ಟ ನಗೆಯಲ್ಲ, ಸಹಾಯ ಮಾಡುವವನ ನಗೆ. “ಬ್ಲೀಚಿಂಗ್ ಪೌಡರ್ ಒಂದು ಚೀಲ ಇದೆ. ಸಾಯಂಕಾಲ ಕೆರೆಗೆ ಹಾಕಿಸಿಬಿಡೋಣ, ಜನಕ್ಕೆ ಸಮಾಧಾನ. ಪಂಚಾಯ್ತಿ ಪ್ರೆಸಿಡೆಂಟ್ ಗೋವಿಂದಪ್ಪನವರಿಗೂ ಹೇಳಿದೀನಿ. ನೀವೇ ಹಾಕಿ, ಹಳಬರು.”

ಹಾಕೇ ಇಲ್ಲ. ಆ ಮಾತನ್ನು ಬಾಯಲ್ಲಿಟ್ಟುಕೊಂಡು ಅವನು ಮಧ್ಯಾಹ್ನ ಊಟಕ್ಕೆ ನಡೆದ. ಎಷ್ಟು ಹಗುರ ಆ ಮಾತು. ಬರಗೇರಮ್ಮ ನುಂಗಿದಳು, ಅವನು ಹಾಕಲಿಲ್ಲ, ಮಾರಣ್ಣ ಕಾರೆಕಾಯಿ ಅರೆದ. ಎಲ್ಲ ಸರಿಹೋಗುತ್ತದೆ. ಮನೆಯಲ್ಲಿ ಹೆಂಡತಿ ಸರ್ವಮಂಗಳ ಮುದ್ದೆ ಬಡಿಸಿದಳು. ಗೋಡೆಯ ಮೇಲೆ ಸಾಧನೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ನಿಮಿಷ ಹಿಂದೆ ಮುಂದೆ ಆಗಿರಲಿಲ್ಲ ಆ ಹಾಳು ಗಡಿಯಾರ. ಅವನು ಮುದ್ದೆ ಮುರಿಯದೆ ಕೂತದ್ದು ನೋಡಿ ಅವಳು ಎಲ್ಲ ಬಿಡಿಸಿ ಕೇಳಿದಳು, ಕೇಳಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

“ರಿಟೈರಾಗಕ್ಕೆ ಎರಡು ವರ್ಷ ಐತೆ,” ಎಂದಳು ಆಮೇಲೆ. “ಬೇಕಂತ ಮಾಡಿದ್ದಲ್ಲವಲ್ಲ. ಕಾಳಕ್ಕನ ಮಗ ಗಟ್ಟಿ ಆಳು, ಎಲ್ಲಾದ್ರೂ ಬದುಕ್ತಾನೆ. ನೀವು ಬಾಯಿ ಬಿಟ್ರೆ ಮಾತ್ರೆ ನುಂಗ್ದೋರ ಪಟ್ಟಿ ತೆಗೀತಾರೆ. ಅದರಾಗೆ ನನ್ ಹೆಸರೂ ಬರ್ದಿದೀರಂತೆ, ಹೌದಾ?”

ಅವನು ತಟ್ಟೆ ನೋಡಿದ. ಬರೆದಿದ್ದ. ಮಕ್ಕಳಾಗಲಿಲ್ಲವೆಂದು ಹತ್ತು ವರ್ಷ ಹರಕೆ ಹೊತ್ತವಳ ಹೆಸರನ್ನು, ಮತದಾರರ ಪಟ್ಟಿಯಲ್ಲಿ ಸಾಲಾಗಿ ಬಂತೆಂದು, ಕೈ ನಿಲ್ಲಿಸದೆ ಬರೆದಿದ್ದ. ಆ ಪಟ್ಟಿ ಬರುವ ಎಷ್ಟೋ ವರ್ಷ ಮೊದಲೇ ಹರಕೆಯ ಕೊನೆಗೆ ಒಬ್ಬ ಮಗ ಹುಟ್ಟಿದ್ದ, ಈಗ ದಾವಣಗೆರೆಯಲ್ಲಿ ಓದಿ ಮೇಷ್ಟರಾಗಿದ್ದ. ಅವಳು ಸಿಟ್ಟು ಮಾಡಲಿಲ್ಲ. ಕೈ ತೊಳೆಯಲು ನೀರು ಹಾಕಿ, ದೇವರ ಗೂಡಿನ ಪಕ್ಕದಿಂದ ಒಂದು ಸಣ್ಣ ಚೀಲ ತಂದುಕೊಟ್ಟಳು. “ಹೆಂಗೂ ಏರಿ ಮೇಲೆ ಹೋಗ್ತೀರಲ್ಲ, ಪೂಜೆ ಹೂವು, ನೀರಿಗೆ ಬಿಟ್ಬಿಡ್ರಿ.” ಅವನು ಅವಳ ಮುಖ ನೋಡಿದ. ಅವಳು ಅದನ್ನು ಯೋಚಿಸಿ ಹೇಳಿರಲಿಲ್ಲ. ಚೀಲ ತೆಗೆದುಕೊಂಡ.

ಏರಿಯ ಮೇಲೆ ಹುಣಸೆಮರದ ನೆರಳಿನಲ್ಲಿ ಮೂವತ್ತು ನಲವತ್ತು ಜನ ಕೂತಿದ್ದರು. ಕೊಡ ಹಿಡಿದು, ಬಟ್ಟೆ ಗಂಟು ಹಿಡಿದು ಬಂದ ಹೆಂಗಸರು ಆಚೆ ನಿಂತಿದ್ದರು. ಮಾರಣ್ಣ ತೂಬಿನ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ, ಪಕ್ಕದಲ್ಲಿ ಬಲೆ, ಒದ್ದೆ ಗೋಣಿ ಮುಚ್ಚಿದ ಬುಟ್ಟಿ. ನಲವತ್ತರ ಗಂಡಸು ಊರಿನ ಮುಂದೆ ಹಾಗೆ ಕೂತದ್ದನ್ನು ನೋಡಲು ಈರಬಸಪ್ಪನಿಗೆ ಆಗಲಿಲ್ಲ. “ಬರ್ರಿ ಬರ್ರಿ, ಈರಬಸಪ್ನೋರೆ, ಕುಂತ್ಕಳ್ರಿ,” ಎಂದು ಗೋವಿಂದಪ್ಪ ತನ್ನ ಪಕ್ಕದ ಕುರ್ಚಿ ತೋರಿಸಿದ. ಡಾಕ್ಟರು ಆಗಲೇ ಇನ್ನೊಂದರಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಬ್ಲೀಚಿಂಗ್ ಪೌಡರಿನ ಚೀಲ ಬಾಯಿ ಬಿಚ್ಚಿ ಮೆಟ್ಟಿಲ ಮೇಲಿತ್ತು, ಅದಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು.

“ವಿಚಾರ ಎಲ್ರಿಗೂ ಗೊತ್ತೈತೆ,” ಎಂದ ಗೋವಿಂದಪ್ಪ. “ತಾತನ ಕಾಲದಿಂದ ನಂಬಿ ಕೆರೆ ಕೊಟ್ವಿ. ಲೇ ಮಾರಣ್ಣ, ಹೇಳು, ಹಾಕಿದೀಯೋ ಇಲ್ಲೋ?”

“ಇಲ್ಲ ಗೌಡ್ರೆ. ನಮ್ಮಪ್ಪನಾಣೆ ಇಲ್ಲ.”

“ಹಂಗಾದ್ರೆ ಮೀನು ತಾವೇ ಸತ್ವಾ? ಸುಳ್ಳು ಹೇಳ್ತೀಯಲ್ಲೋ. ಇರ್ಲಿ. ಮೊದ್ಲು ಕೆರೆ ಶುದ್ಧ ಆಗ್ಲಿ. ವಿಷಕ್ಕೆ ಔಷಧೀನೇ ಮದ್ದು. ಈರಬಸಪ್ನೋರೆ, ನಿಮ್ ಕೈಗುಣ ದೊಡ್ಡದು, ಎಷ್ಟೋ ಜೀವ ಉಳಿಸಿದೀರಿ. ನೀವೇ ಎರಡು ಬೊಗಸೆ ಹಾಕಿ ಶುರು ಮಾಡ್ರಿ. ಆಮೇಲೆ ಇವನ ವಿಚಾರ.”

ಅವನು ಎದ್ದ. ಕಾಲು ತಾವೇ ಚಪ್ಪಲಿ ಬಿಟ್ಟವು. ಅದು ಗೊತ್ತಾದದ್ದು ಕಲ್ಲು ಅಂಗಾಲನ್ನು ಸುಟ್ಟಾಗ. ಹದಿಮೂರು ವರ್ಷ ಇಳಿದ ಅದೇ ಮೆಟ್ಟಿಲು; ಈಗ ನೀರಿಗೆ ಇನ್ನೂ ಇಪ್ಪತ್ತು ಹೆಜ್ಜೆ ಒಣ ಕೆಸರು ದಾಟಬೇಕಿತ್ತು. ಹೂವಿನ ಚೀಲವನ್ನು ಎಡಗೈಗೆ ಸಿಕ್ಕಿಸಿಕೊಂಡು ಬಲಗೈಯನ್ನು ಬಿಳಿ ಪುಡಿಯೊಳಗೆ ಇಳಿಸಿದ. ಮೂಗು ಉರಿಯಿತು. ಹಿಂದೆ ಯಾರೋ ಭಕ್ತಿಯಿಂದ ಕೈ ಮುಗಿದರು. ಕಾಳಕ್ಕ ಹೆಂಗಸರ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳು, ಅವನ ಬಾಯನ್ನೇ ನೋಡುತ್ತಿದ್ದಳು. ಒಂದು ಮಾತು ಬರುತ್ತದೆಂದು ನಂಬಿದ್ದಳು. ಆ ನಂಬಿಕೆ ಅವನಿಗೆ ಹೊಡೆತದಂತೆ ಬಿತ್ತು. ಮುಷ್ಟಿಯ ಪುಡಿಯನ್ನು ಚೀಲಕ್ಕೇ ವಾಪಸು ಉದುರಿಸಿದ.

“ಕಾರೆಕಾಯಿ ಅಲ್ಲ,” ಎಂದ. “ಮಾರಣ್ಣ ಅಲ್ಲ. ಹಾಕಿದ್ದು ನಾನು.”

ಯಾರಿಗೂ ಅರ್ಥವಾಗಲಿಲ್ಲ. ಅವನು ಹೇಳಿದ: ಪೆಟ್ಟಿಗೆ, ಶುಕ್ರವಾರ, ಬಕೆಟ್ಟು, ಈ ಮೆಟ್ಟಿಲು. ಹೇಳಿ ಮುಗಿಸುವ ಮೊದಲೇ ನಗು ಶುರುವಾಗಿತ್ತು. “ಔಷಧಿ ಕುಡಿದ್ರೆ ಮೀನು ಇನ್ನಾ ದಪ್ಪ ಆಗ್ಬೇಕಲ್ರೀ,” ಎಂದ ಒಬ್ಬ. “ಪಾಪ, ಮಾರಣ್ಣನ್ನ ಉಳಿಸಾಕೆ ಹೇಳ್ತಾರೆ, ಧರ್ಮಾತ್ಮರು,” ಎಂದ ಇನ್ನೊಬ್ಬ. ಡಾಕ್ಟರು ಎದ್ದು ನಿಂತು, “ಈರಬಸಪ್ಪ, ಬಿಸಿಲಿಗೆ ನಿಮಗೆ ಸುಸ್ತಾಗಿದೆ, ಬನ್ನಿ ಕೂತ್ಕೊಳ್ಳಿ,” ಎಂದ. ಧರ್ಮಾತ್ಮರು! ನಿಜ ಹೇಳಿದರೂ ದೊಡ್ಡವನನ್ನಾಗಿ ಮಾಡುವ ಈ ಜನ, ಸುಳ್ಳನ್ನೇ ಹೇಳದ ಮಾರಣ್ಣನನ್ನು ಸುಳ್ಳ ಅನ್ನುತ್ತಾರೆ. ಈರಬಸಪ್ಪನಿಗೆ ತಲೆಗೆ ರಕ್ತ ಏರಿತು. ತೂಬಿನ ಹತ್ತಿರ ಹೋಗಿ, “ಬುಟ್ಟಿಯಾಗೆ ಏನೈತೆ ಮಾರಣ್ಣ?” ಎಂದು ಕೇಳಿದ.

ಮಾರಣ್ಣ ಗೋಣಿ ಸರಿಸಿದ. ಬೆಳಿಗ್ಗೆಯಿಂದ ಬಲೆ ಬೀಸಿ ಸಿಕ್ಕ ಒಂದೇ ಒಂದು ಕೊರವ, ಮೊಳದುದ್ದ. ಈರಬಸಪ್ಪ ಬಗ್ಗಿ ಅದನ್ನು ಕೈಯಲ್ಲಿ ಎತ್ತಿಕೊಂಡ. ಜನ ಮುಂದಕ್ಕೆ ಸರಿದರು. ಆ ಮನೆತನದವನ ಕೈಯಲ್ಲಿ ಮೀನು ಯಾರೂ ಕಂಡಿರಲಿಲ್ಲ. ತಣ್ಣಗೆ, ಲೋಳೆಯಾಗಿ, ಅವನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. “ಕುಯ್ಯಿ,” ಎಂದ. ಮಾರಣ್ಣ ಸೊಂಟದ ಚಾಕುವಿನಿಂದ ಅದರ ಹೊಟ್ಟೆ ಬಗೆದ, ಈರಬಸಪ್ಪನ ಅಂಗೈಯಲ್ಲೇ. ಗೋವಿಂದಪ್ಪ ಬಗ್ಗಿ ನೋಡಿದ. ಮೀನು ತಿನ್ನುವವನು, ಬೇರೆಯವರು ಹೇಳಬೇಕಾಗಿರಲಿಲ್ಲ. ಬೆಳ್ಳಗಿನ ಹಾಲುಗಡ್ಡೆ, ಅದರ ನಡುನಡುವೆ ರಾಗಿಕಾಳಿನಷ್ಟು ಹಳದಿ ತತ್ತಿ.

“ಯಾವ್ ಮಾತ್ರೆ ಹಾಕಿದ್ರಿ?” ಎಂದು ಗೋವಿಂದಪ್ಪ ಕೇಳಿದ, ಈ ಸಲ ಮೆಲ್ಲಗೆ.

“ಮಕ್ಕಳಾಗದ ಮಾತ್ರೆ.”

ಹೆಂಗಸರ ಕಡೆ ಕೊಡವೊಂದು ಕಲ್ಲಿಗೆ ತಗುಲಿದ ಸದ್ದಾಯಿತು. “ಈ ನೀರಾಗೇ ಅಲ್ವೇನ್ರೀ ನಾವು ಮುಳುಗಿ ಏಳಾದು, ದನಕ್ಕೆ ಕುಡಿಸಾದು,” ಎಂದಳು ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು. ಯಾರೂ ನಗಲಿಲ್ಲ. ಡಾಕ್ಟರು ಏನೂ ಆಗಲ್ಲ, ಗಾಬರಿ ಬೇಡ, ಮನುಷ್ಯರಿಗೆ ಸಂಬಂಧ ಇಲ್ಲ ಎನ್ನುತ್ತಲೇ ಇದ್ದ, ಅವನ ಮಾತು ಯಾರಿಗೂ ಬೇಕಿರಲಿಲ್ಲ. ಆಯ್ತು ಎಂದುಕೊಂಡ ಈರಬಸಪ್ಪ, ಆಯ್ತು, ಮಾರಣ್ಣ ಉಳಿದ. ಕೈಯಲ್ಲಿ ಸತ್ತ ಮೀನು ಹಿಡಿದುಕೊಂಡು, ನಾಚಿಕೆಯಾಗುವಷ್ಟು ಸಮಾಧಾನ ಒಂದು ಗಳಿಗೆ ಬಂತು. ಗೋವಿಂದಪ್ಪ ಅಕ್ಕಪಕ್ಕದವರೊಡನೆ ಪಿಸುಮಾತಾಡಿ ಎದ್ದು ನಿಂತ. “ಮಾರಣ್ಣನ ಮೇಲಿನ ಮಾತು ಹಿಂದಕ್ಕೆ ತಗಂಡ್ವಿ. ತೂಬು ಅವನೇ ನೋಡ್ಕಳ್ಳಿ. ಆದ್ರೆ ಮೇಲಿಂದ ಯಾರಾದ್ರೂ ಬಂದು ನೀರು ಪರೀಕ್ಷೆ ಮಾಡೋತನಕ ಈ ಕೆರೆ ಮೀನು ಯಾರೂ ಹಿಡಿಯಂಗಿಲ್ಲ, ಯಾರೂ ತಿನ್ನಂಗಿಲ್ಲ.” ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ಕೇಳುವವರಿರಲಿಲ್ಲ. ಹದಿಮೂರು ವರ್ಷ ಪೆಟ್ಟಿಗೆ ತಪ್ಪದೆ ಕಳಿಸಿದ ಮೇಲಿನವರು ಒಂದು ಶೀಷೆ ನೀರು ತೆಗೆದುಕೊಂಡು ಹೋಗಲು ಎಂದು ಬಂದಾರು? ನಾಳೆ ಕಾಳಕ್ಕ ಬೇರೆ ಕೆರೆಯ ಮೀನು ತಂದು ಬುಟ್ಟಿ ಹೊತ್ತು ಹೊರಟರೂ ಆ ನಾಲ್ಕು ಹಳ್ಳಿಗಳಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಾರಣ್ಣ ಬಲೆಯನ್ನು ಮಡಿಚಿದ, ಬಹಳ ಜೋಪಾನವಾಗಿ, ಅಂಚಿಗೆ ಅಂಚು ಸೇರಿಸಿ. ಈರಬಸಪ್ಪನ ಕಡೆ ನೋಡಲಿಲ್ಲ. ಅವನ ಅಂಗೈಯಿಂದ ಮೀನನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡು ಏರಿ ಇಳಿದು ಹೋದ.

ಜನ ಚದುರಿದರು. ಕಾಳಕ್ಕ ಮಾತ್ರ ನಿಂತಿದ್ದಳು.

“ನನ್ ಮಗ ವಿಷ ಹಾಕಿಲ್ಲ ಅಂತ ನಾಕ್ ಜನರ ಮುಂದೆ ಹೇಳಿದ್ರಿ. ಉಪಕಾರ ಆತು,” ಎಂದಳು. ಆ ಮಾತಿನಲ್ಲಿ ‘ಸ್ವಾಮಿ’ ಇರಲಿಲ್ಲ. “ಅವತ್ತು ಮೀನು ತಂದು ತೋರಿಸ್ದಾಗ ನಿಮಗ್ ಗೊತ್ತಿತ್ತಾ?”

“ಇಲ್ಲ ಕಾಳಕ್ಕ. ಆಮೇಲೆ ಗೊತ್ತಾತು. ಒಂದು ತಿಂಗಳಾತು.”

“ಒಂದು ತಿಂಗಳು,” ಎಂದಳು ಅವಳು. ಸೆರಗಿನ ಗಂಟು ಬಿಚ್ಚಿದಳು, ಬೆಳಿಗ್ಗೆ ಅವನೇ ಕೊಟ್ಟ ಮಂಡಿ ನೋವಿನ ಮಾತ್ರೆ. ಕೈ ಬೀಸಿ ಎಸೆಯಲು ಹೋದಳು. ಕೈ ಕೆರೆಯ ಕಡೆಗಿತ್ತು, ಹಾಗೆಯೇ ನಿಂತಿತು. ಕಾಲಬುಡದ ಏರಿ ನೋಡಿದಳು, ಊರೆಲ್ಲ ತುಳಿಯುವ ದಾರಿ. ಕೆಳಗಿನ ಕುರುಚಲು ನೋಡಿದಳು, ಅಲ್ಲಿ ಯಾರದೋ ಕುರಿಗಳು ಮೇಯುತ್ತಿದ್ದವು. ಮತ್ತೆ ಅವನ ಕಡೆ ತಿರುಗಿದಳು. ಅವನ ಎಡಗೈಯಲ್ಲಿ ಸರ್ವಮಂಗಳಳ ಹೂವಿನ ಚೀಲ ಇನ್ನೂ ತೂಗುತ್ತಿತ್ತು. ಬಲಗೈ ಬಿಳಿ ಪುಡಿ, ಮೀನಿನ ಲೋಳೆ ಎರಡೂ ಹತ್ತಿ ಅಂಟಂಟಾಗಿತ್ತು.

“ಇದನ್ನ ಎಲ್ಲಿ ಬಿಸಾಕ್ಲಿ?” ಎಂದು ಕೇಳಿದಳು. “ನೀವೇ ಹೇಳ್ರಿ.”

ಅವನು ಬಲಗೈ ಚಾಚಿದ. ಅವಳು ಮಾತ್ರೆಯ ಪಟ್ಟಿಯನ್ನು ಅದರ ಮೇಲಿಟ್ಟು ನಡೆದಳು. ಈ ಸಲ ಕಣ್ಣಿಗೊತ್ತಿಕೊಳ್ಳಲಿಲ್ಲ.